ಭದ್ರಾ ಜಲಾಶಯದಲ್ಲಿ ಗಾಳ: ಕಾಲುವೆಯ ಲೆಕ್ಕ ಗೊತ್ತಿದ್ದವರಿಗೆ ಒಲಿಯುವ ನೀರು

ಮೊದಲು ತೀರ್ಪು ಹೇಳಿಬಿಡುತ್ತೇವೆ. ನೀರಾವರಿ ಜಲಾಶಯವಾಗಿ ಭದ್ರಾಕ್ಕೆ ಐದಕ್ಕೆ ನಾಲ್ಕು. ಬಲೆ ಮೀನುಗಾರಿಕೆಗೂ ನಾಲ್ಕು. ಗಾಳ ಹಿಡಿದು ದಡದಲ್ಲಿ ಕೂರುವವರಿಗೆ ಎರಡೂವರೆ, ನೀರಿನ ಮಟ್ಟ ಓದುವುದು ಕಲಿತವರಿಗೆ ಮೂರೂವರೆ. ಟ್ರೌಟ್ ಎಂಬ ತಣ್ಣೀರಿನ ಮೀನು ಹುಡುಕಿಕೊಂಡು ಬರುವವರಿಗೆ ಸೊನ್ನೆ. ಈ ಕೊನೆಯ ಮಾತಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ 'ಮಲೆನಾಡು ತಂಪು, ಅಲ್ಲಿ ಟ್ರೌಟ್ ಸಿಗಬೇಕಲ್ಲ' ಎಂದು ಕೇಳುವವರು ಬಹಳ.

ಸಿಗುವುದಿಲ್ಲ. ಟ್ರೌಟ್‌ಗೆ 10ರಿಂದ 18 ಡಿಗ್ರಿಯ ನೀರು ಬೇಕು, ಕರಗಿದ ಆಮ್ಲಜನಕ ಲೀಟರಿಗೆ ಆರೇಳು ಮಿಲಿಗ್ರಾಂ ಇರಬೇಕು. ನೀರು 25 ಡಿಗ್ರಿ ಮುಟ್ಟಿತೆಂದರೆ ಅದು ಮೇವು ಬಿಟ್ಟು ಏದುಸಿರು ಬಿಡುತ್ತದೆ, ಅಲ್ಲೇ ನಿಂತರೆ ಸಾಯುತ್ತದೆ. ದಕ್ಷಿಣದಲ್ಲಿ ಅದು ನೆಲೆ ಕಂಡದ್ದು ನೀಲಗಿರಿಯಲ್ಲಿ ಮತ್ತು ಮುನ್ನಾರಿನ ಮೇಲಿನ ಬೆಟ್ಟಗಳಲ್ಲಿ ಮಾತ್ರ. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಅಲ್ಲಿನ ಎಮರಾಲ್ಡ್, ಅವಲಾಂಚಿ ಕೆರೆಗಳೂ ಮನುಷ್ಯರು ಕಟ್ಟಿದವೇ, ಆದರೆ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿವೆ. ಭದ್ರಾ ತುಂಬಿದಾಗಲೂ ನೀರಿನ ಮೇಲ್ಮೈ 657 ಮೀಟರಿನ ಆಸುಪಾಸು. ಏಪ್ರಿಲ್ ಬಿಸಿಲಿಗೆ ಮೇಲಿನ ನೀರು ಕೈಗೆ ಬೆಚ್ಚಗೆ ತಾಗುತ್ತದೆ. ತಳದಲ್ಲಿ ತಂಪಿದೆ ನಿಜ, ಆದರೆ ಬೇಸಿಗೆಯಲ್ಲಿ ಅಲ್ಲಿ ಆಮ್ಲಜನಕ ಕಡಿಮೆ. ಟ್ರೌಟ್ ಬೇಕಾದವರು ಊಟಿ ಬಸ್ ಹತ್ತಬೇಕು. ಇಲ್ಲಿಯದು ಗೆಂಡೆ (ಕಾಟ್ಲಾ, ರೋಹು, ಮೃಗಾಲ್ ಈ ಜಾತಿಯವು), ಕೊರವ, ಬಾಳೆ, ಜಿಲೇಬಿ (ತಿಲಾಪಿಯಾ) ಮೀನುಗಳ ನೀರು.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಅಣೆಕಟ್ಟು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿದೆ, ಅದರ ಈಚೆ ಬದಿಗೆ ಭದ್ರಾವತಿ ತಾಲ್ಲೂಕಿನ ಬಿ.ಆರ್. (ಭದ್ರಾ ರಿವರ್) ಪ್ರಾಜೆಕ್ಟ್ ಊರು. ಶಿವಮೊಗ್ಗದಿಂದ ಸುಮಾರು 30 ಕಿ.ಮೀ., ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ದಾಟಿದರೆ ಸಿಕ್ಕಿತು. ಕೆಲಸ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. ಪೂರ್ಣ ಮಟ್ಟ 186 ಅಡಿ (ಇದು ಅಣೆಕಟ್ಟಿನ ಅಳತೆ, ಸಮುದ್ರಮಟ್ಟದಿಂದಲ್ಲ), ಒಟ್ಟು ಸಂಗ್ರಹ 71.5 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ).

ಈ 186ನ್ನು ಶಿವಮೊಗ್ಗ, ದಾವಣಗೆರೆಯ ರೈತರು ಮಕ್ಕಳ ವಯಸ್ಸಿನ ಹಾಗೆ ನೆನಪಿಟ್ಟುಕೊಂಡಿರುತ್ತಾರೆ. ಮಳೆಗಾಲದಲ್ಲಿ ದಿನಪತ್ರಿಕೆ ತೆರೆದರೆ ಮೊದಲು ನೋಡುವುದು 'ಇಂದಿನ ಮಟ್ಟ, ಒಳಹರಿವು, ಹೊರಹರಿವು'. ಗಾಳ ಹಾಕುವವರೂ ನೋಡಬೇಕಾದ್ದು ಅದನ್ನೇ. ಹವಾಮಾನ, ಚಂದ್ರ, ಗಾಳಿಯ ದಿಕ್ಕು ಎಲ್ಲ ಆಮೇಲೆ. ಈ ನೀರು ಮೀನಿಗಾಗಿ ನಿಂತದ್ದಲ್ಲ, ಗದ್ದೆಗಾಗಿ ನಿಂತದ್ದು. ಕಾಲುವೆಯ ಗೇಟು ಎತ್ತಿದ ದಿನ ಮೀನಿನ ಜಾಗ ಬದಲಾಗುತ್ತದೆ, ಇಳಿಸಿದ ದಿನ ಮತ್ತೆ ಬದಲಾಗುತ್ತದೆ.

ಲೆಕ್ಕ ನೋಡಿ. ಬಲದಂಡೆ ಕಾಲುವೆ 103 ಕಿ.ಮೀ., ಸಾಮರ್ಥ್ಯ 2,650 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ). ಎಡದಂಡೆ 77 ಕಿ.ಮೀ., 380 ಕ್ಯೂಸೆಕ್. ಎರಡೂ ಪೂರ್ತಿ ಹರಿದರೆ ದಿನಕ್ಕೆ ಕಾಲು ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು, ಅಂದರೆ ನಾಲ್ಕು ದಿನಕ್ಕೆ ಒಂದು ಟಿ.ಎಂ.ಸಿ. ಜಲಾಶಯ ತುಂಬಿದ್ದಾಗ ಒಂದು ಅಡಿ ನೀರೆಂದರೆ ಒಂದು ಟಿ.ಎಂ.ಸಿ.ಗಿಂತ ತುಸು ಜಾಸ್ತಿ. ಹಾಗಾಗಿ ಜನವರಿಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಟ್ಟ ಹೊಸದರಲ್ಲಿ ಅಡಿ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ನೀರು ಇಳಿದಂತೆ ಹರವು ಕುಗ್ಗುತ್ತದೆ, ಅಷ್ಟೇ ನೀರು ಹೊರಗೆ ಹೋದರೂ ಮಟ್ಟ ಬೇಗ ಬೇಗ ಬೀಳುತ್ತದೆ. ಮಾರ್ಚ್ ಕೊನೆಗೆ ಗಾಳದವರಿಗೆ ತೊಂದರೆಯಾಗುವುದು ಇಲ್ಲಿಯೇ. ದಡದ ಇಳಿಜಾರು ಐವತ್ತಕ್ಕೆ ಒಂದು ಇರುವ ಕಡೆ ಒಂದು ಅಡಿ ಮಟ್ಟ ಬಿದ್ದರೆ ನೀರಂಚು ಐವತ್ತು ಅಡಿ ಹಿಂದೆ ಸರಿಯುತ್ತದೆ. ಹೋದ ವಾರ ತೌಡಿನ ಉಂಡೆ ಎಸೆದು ಮೀನು ಕೂಡಿಸಿದ ಜಾಗ ಈ ವಾರ ಒಣ ಕೆಸರು.

ಹಾಗಾದರೆ ಯಾವಾಗ ಹೋಗಬೇಕು? ನಮ್ಮ ಪ್ರಕಾರ ಅತ್ಯುತ್ತಮ ಕಾಲ ಮಳೆ ನಿಂತ ಮೇಲಿನ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ನೀರು ತಿಳಿಯಾಗಿರುತ್ತದೆ, ಮಟ್ಟ ಹೆಚ್ಚು ಅಲುಗುವುದಿಲ್ಲ, ಮುಳುಗಿದ ಹುಲ್ಲಿನಂಚಿನಲ್ಲಿ ಮೀನು ಮೇಯುತ್ತಿರುತ್ತದೆ. ಜನವರಿಯಲ್ಲಿ ಕಾಲುವೆ ತೆರೆದ ಮೊದಲ ಒಂದು ವಾರ ಬಿಟ್ಟುಬಿಡಿ. ಮಟ್ಟ ಬೀಳಲು ಶುರುವಾದ ಕೂಡಲೇ ಗೆಂಡೆ ಜಾತಿಯವು ಅಂಚು ಬಿಟ್ಟು ಒಳಕ್ಕೆ ಸರಿಯುತ್ತವೆ. ಇಳಿತ ಒಂದೇ ಹದಕ್ಕೆ ಬಂದ ಮೇಲೆ ಅವು ಹಳೆಯ ಹಳ್ಳದ ಪಾತ್ರಗಳಿಗೆ, ಮುಳುಗಿದ ದಿಬ್ಬಗಳ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಬೇಸಿಗೆ ಬೆಳೆಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್-ಆಫ್ ಪದ್ಧತಿಯಲ್ಲಿ ನೀರು ಕೊಡುವ ವರ್ಷಗಳಲ್ಲಿ 'ಆಫ್' ಬಿದ್ದ ಎರಡನೆಯ ದಿನದಿಂದ ಕಚ್ಚುವಿಕೆ ಚೆನ್ನಾಗಿರುತ್ತದೆ. ನೀರಾವರಿ ಸಲಹಾ ಸಮಿತಿ ಸಭೆಯ ತೀರ್ಮಾನ ಪತ್ರಿಕೆಯಲ್ಲಿ ಬಂದಾಗ ಆ ದಿನಾಂಕಗಳನ್ನು ಬರೆದಿಟ್ಟುಕೊಂಡರೆ ನಾಲ್ಕು ತಿಂಗಳ ಗಾಳದ ಪಂಚಾಂಗ ಸಿದ್ಧ.

ಜೂನ್, ಜುಲೈಯಲ್ಲಿ ಹೋಗಲೇಬೇಡಿ. ಮೊದಲ ಕೆಂಪು ನೀರಿಗೆ ಮೀನು ಹಳ್ಳ ಹತ್ತುತ್ತದೆ. ಮಲೆನಾಡಿನ ಹತ್ತುಮೀನು ಶಿಕಾರಿಯ ಕಾಲ ಅದೇ. ಮೊಟ್ಟೆ ತುಂಬಿದ ಮೀನನ್ನು ಸಂದಿಯಲ್ಲಿ ಅಡ್ಡಗಟ್ಟಿ ಹಿಡಿಯುವುದು ಹಿಂದೆ ಮನೆಬಳಕೆಯ ಮಟ್ಟದಲ್ಲಿತ್ತು. ಈಗ ಹಳ್ಳದ ಬಾಯಿಗೇ ಸೊಳ್ಳೆಪರದೆಯಂಥ ಬಲೆ ಕಟ್ಟುತ್ತಾರೆ. ಒಂದು ಹೆಣ್ಣು ಗೆಂಡೆಯ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಅದನ್ನು ಸಾರು ಮಾಡಿಕೊಂಡು ಮುಂದಿನ ವರ್ಷ 'ಭದ್ರಾದಲ್ಲಿ ಮೀನೇ ಇಲ್ಲ' ಎನ್ನುವುದು ಅನ್ಯಾಯ.

ಯಾವ ಮೀನು, ಎಷ್ಟು ಆಳದಲ್ಲಿ ಎಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲಿನ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ತಳಕ್ಕೆ ಗುಂಡು ಕಟ್ಟಿ ಕಾಟ್ಲಾಕ್ಕಾಗಿ ಕಾಯುವುದು ವ್ಯರ್ಥ. ತೇಲಿನಿಂದ ಮೂರು ನಾಲ್ಕು ಅಡಿ ಕೆಳಗೆ ಗಾಳ ಬಿಟ್ಟು, ನೀರಲ್ಲಿ ಮೋಡದಂತೆ ಹರಡುವ ಹಗುರ ಹಿಟ್ಟು ಬಳಸಬೇಕು. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಬಾಯಿ ಕೆಳಕ್ಕೆ ತಿರುಗಿದ್ದು, ತಳ ಕೆದಕುವ ಮೀನುಗಳು. ಸಾಮಾನ್ಯ ಗೆಂಡೆಗೆ ಬಾಯಿಯ ಪಕ್ಕ ಎರಡು ಜೊತೆ ಮೀಸೆ ಇರುತ್ತದೆ, ಕೆಸರಲ್ಲಿ ಹುಳ ಹುಡುಕಲು.

ತೇಲು ಆಡುವ ರೀತಿಯೂ ಬೇರೆ ಬೇರೆ. ಜಿಲೇಬಿ ಆದರೆ ತೇಲು ಟಿಕ್ ಟಿಕ್ ಎಂದು ಮೂರು ನಾಲ್ಕು ಸಲ ಕುಣಿದು ನಿಲ್ಲುತ್ತದೆ, ಅಷ್ಟರಲ್ಲಿ ಹಿಟ್ಟು ಖಾಲಿ. ಕಾಟ್ಲಾ ಕೆಳಗಿನಿಂದ ಎತ್ತುವುದರಿಂದ ನೆಟ್ಟಗಿದ್ದ ತೇಲು ಮಲಗುತ್ತದೆ. ಮಲಗಿದ ಕ್ಷಣವೇ ಎಳೆಯಬೇಕು, ಮುಳುಗಲಿ ಎಂದು ಕಾದರೆ ಮೀನು ಉಗಿದು ಹೋಗುತ್ತದೆ. ಸಾಮಾನ್ಯ ಗೆಂಡೆ ಒಂದು ನಿಮಿಷ ಸದ್ದಿಲ್ಲದೆ ಚಪ್ಪರಿಸಿ, ಆಮೇಲೆ ತೇಲನ್ನು ಓರೆಯಾಗಿ ಎಳೆದುಕೊಂಡೇ ಓಡುತ್ತದೆ. ಆಗ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ತಡೆ) ಬಿಗಿಯಾಗಿದ್ದರೆ ದಾರ ತುಂಡು. ದಾರ ತಡೆಯುವ ತೂಕದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಬಿಡುವಂತೆ ಇರಿಸಿ: 6 ಕೆ.ಜಿ. ದಾರಕ್ಕೆ 2 ಕೆ.ಜಿ. ಚಿಕ್ಕ ಸ್ಪ್ರಿಂಗ್ ತಕ್ಕಡಿ ದಾರಕ್ಕೆ ಕಟ್ಟಿ ಎಳೆದು ನೋಡಿದರೆ ಸರಿಯಾಗಿ ಗೊತ್ತಾಗುತ್ತದೆ.

ಹಿಟ್ಟಿನ ಹದವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲಿಯೇ. ಅಕ್ಕಿ ತೌಡು ಒಂದು ಕೆ.ಜಿ., ಕಡಲೆಕಾಯಿ ಹಿಂಡಿ ಅರ್ಧ ಕೆ.ಜಿ., ಅಂಟಿಗೆ ಮೈದಾ ಅಥವಾ ಗೋಧಿ ಹಿಟ್ಟು ಕಾಲು ಕೆ.ಜಿ. ಹಿಂಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಒಣಗಿದ್ದು ನೀರಲ್ಲಿ ಉಬ್ಬಿ ಉಂಡೆಯನ್ನು ಒಡೆದುಹಾಕುತ್ತದೆ. ತೌಡನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವಷ್ಟು ಹುರಿದರೆ ವಾಸನೆ ಹೆಚ್ಚು ದೂರ ಹೋಗುತ್ತದೆ, ಕಪ್ಪಾಗಬಾರದು. ಎಲ್ಲ ಕಲಸಿ, ನೀರನ್ನು ಕೈಯಿಂದ ಚಿಮುಕಿಸುತ್ತ ನಾದಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ಒಂದು ನಿಂಬೆ ಗಾತ್ರದ ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ. ತಳ ಮುಟ್ಟುವ ಮೊದಲೇ ಪುಡಿಯಾದರೆ ಎಸೆಯುವಾಗಲೇ ಕಳಚಿಹೋಗುತ್ತದೆ, ಮೈದಾ ಹೆಚ್ಚಿಸಿ. ಹತ್ತು ನಿಮಿಷವಾದರೂ ಕಲ್ಲಿನಂತೆ ಕೂತಿದ್ದರೆ ವಾಸನೆ ಬಿಡುವುದಿಲ್ಲ, ತೌಡು ಸೇರಿಸಿ. ಐದಾರು ನಿಮಿಷದಲ್ಲಿ ಹೊರಪದರ ಎದ್ದು ಹರಡುವುದೇ ಸರಿಯಾದ ಹದ. ಕಾಟ್ಲಾಕ್ಕೆ ಇದಕ್ಕಿಂತ ಸಡಿಲ, ಮೃಗಾಲ್‌ಗೆ ಇದಕ್ಕಿಂತ ಬಿಗಿ. ಏಲಕ್ಕಿ, ವೆನಿಲಾ, ಸೋಂಪು ಎಂದು ಅಂಗಡಿಯಲ್ಲಿ ಸಿಗುವ ಪರಿಮಳದ ಶೀಶೆಗಳಿಗೆ ದುಡ್ಡು ಸುರಿಯಬೇಕಿಲ್ಲ, ಹಿಂಡಿ ತಾಜಾ ಇದ್ದರೆ ಸಾಕು. ಮುಗ್ಗಲು ಹಿಡಿದ ಹಿಂಡಿಗೆ ಯಾವ ಪರಿಮಳ ಬೆರೆಸಿದರೂ ಗೆಂಡೆ ಮೂಸುವುದಿಲ್ಲ.

ಸಲಕರಣೆ ದುಬಾರಿ ಬೇಡ. ಗೆಂಡೆಗೆ 9ರಿಂದ 10 ಅಡಿಯ ಮಧ್ಯಮ ರಾಡ್, 4000 ಗಾತ್ರದ ಸ್ಪಿನ್ನಿಂಗ್ ರೀಲ್, 0.30ರಿಂದ 0.35 ಮಿ.ಮೀ. ಮೋನೋ (ಒಂಟಿ ಎಳೆಯ) ದಾರ, 4ರಿಂದ 8ನೇ ನಂಬರಿನ ಗಾಳ. ಜಿಲೇಬಿ, ಪಕ್ಕೆಯಂಥ ಸಣ್ಣ ಮೀನುಗಳಿಗೆ 10-12ನೇ ನಂಬರು, ಎರೆಹುಳ. ಇಲ್ಲಿ ಹೆಣೆದ ದಾರವನ್ನು ಗೆಂಡೆಗೆ ನಾವು ಶಿಫಾರಸು ಮಾಡುವುದಿಲ್ಲ. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಸಿಕ್ಕಿಹಾಕಿಕೊಂಡಾಗ ಮೋನೋ ತುಂಡಾಗುತ್ತದೆ, ಹೆಣೆದದ್ದು ತುಂಡಾಗದೆ ಕೈ ಕೊಯ್ಯುತ್ತದೆ, ಇಲ್ಲವೇ ಐವತ್ತು ಮೀಟರ್ ದಾರ ನೀರಲ್ಲೇ ಉಳಿದು ಹಕ್ಕಿ, ನೀರುನಾಯಿಗಳ ಕಾಲಿಗೆ ಸುತ್ತುತ್ತದೆ. ಮುಖ್ಯ ದಾರಕ್ಕಿಂತ ತೆಳುವಾದ ಒಂದು ಅಡಿ ದಾರಕ್ಕೆ ಗಾಳ ಕಟ್ಟಿದರೆ ಸಿಕ್ಕಾಗ ಹೋಗುವುದು ಗಾಳ ಮಾತ್ರ. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣ ಗಂಟು ಎಳೆಯುವಾಗ ಬಿಸಿಯಾಗಿ ದಾರ ಸುರುಟಿ, ದೊಡ್ಡ ಮೀನು ಬಂದ ದಿನವೇ ಅಲ್ಲಿಯೇ ಕಡಿಯುತ್ತದೆ.

ಕೊರವನದು ಬೇರೆಯೇ ಆಟ. ಅದು ಗಾಳಿ ಕುಡಿಯಲು ಮೇಲೆ ಬರುವ ಮೀನು, ಜೊಂಡು ಮತ್ತು ಕಳೆಯ ನಡುವಿನ ಬಯಲಲ್ಲಿ ಅದರ ಗುಳುಕ್ ಸದ್ದು ಕೇಳಿಸುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು, ಕಳೆಗೆ ಸಿಕ್ಕದಂಥ ರಬ್ಬರ್ ಕಪ್ಪೆಯನ್ನು ಸದ್ದಿನ ಆಚೆಗೆ ಎಸೆದು ಅದರ ಮೇಲಿಂದ ಎಳೆದುತರಬೇಕು. ಇದಕ್ಕೆ ಮಾತ್ರ 30 ಪೌಂಡಿನ ಹೆಣೆದ ದಾರ ಬೇಕು, ಹಿಡಿದ ಕೂಡಲೇ ಕಳೆಯಿಂದ ಹೊರಗೆ ಎಳೆಯದಿದ್ದರೆ ಮುಗಿಯಿತು. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರಡಿ ಕಾವಲು ನಿಂತ ತಾಯಿ-ತಂದೆ ಇರುತ್ತವೆ. ಅವುಗಳಿಗೆ ಗಾಳ ಹಾಕಬೇಡಿ. ದೊಡ್ಡವು ಹೋದ ಮೇಲೆ ಆ ಮರಿಗಳನ್ನು ಜಿಲೇಬಿಯೂ ಪಕ್ಕೆಯೂ ಒಂದೇ ದಿನದಲ್ಲಿ ಮುಗಿಸುತ್ತವೆ.

ಈಗ ಅಂಕ ಕಳೆದ ಕಾರಣಗಳು. ಮೊದಲನೆಯದು ಜಾಗ. ಹಿನ್ನೀರಿನ ಬಹುಪಾಲು ದಡ ಭದ್ರಾ ಅಭಯಾರಣ್ಯಕ್ಕೆ ಹೊಂದಿಕೊಂಡಿದೆ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಅದರೊಳಗೆ ಕಾಲಿಡುವುದೇ ಅಪರಾಧ, ಗಾಳದ ಮಾತು ದೂರ. ಅಣೆಕಟ್ಟಿನ ಮುಂದೆ, ಗೇಟುಗಳ ಕೆಳಗೆ, ಕಾಲುವೆಯ ತೂಬಿನ ಬಳಿ ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಹಾಗಾಗಿ ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿಯನ್ನೂ ಅರಣ್ಯ ಇಲಾಖೆಯಲ್ಲಿ ಗಡಿಯನ್ನೂ ಕೇಳಿಕೊಂಡೇ ಹೊರಡಬೇಕು. ಕೂರಲು ಸಿಗುವ ದಡ ನಕ್ಷೆಯಲ್ಲಿ ಕಾಣುವುದಕ್ಕಿಂತ ಬಹಳ ಕಡಿಮೆ. ಕಾಡಿನ ನಿಯಮದ ಬಗ್ಗೆ ನಮಗೆ ದೂರಿಲ್ಲ. ಆನೆ ನೀರಿಗಿಳಿಯುವ, ಮೊಸಳೆ ಬಿಸಿಲು ಕಾಯುವ ದಡ ಅದು.

ಎರಡನೆಯದು ಕೆಸರು. ನೀರು ಹಿಂದೆ ಸರಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಮೊಣಕಾಲುದ್ದ ಹೂಳು. ಬಿರುಕಿನ ಅಂಚು ಬಿಳಿಯಾಗಿ ಮೇಲಕ್ಕೆ ಸುರುಳಿಯಾಗಿದ್ದರೆ ಗಟ್ಟಿ ನೆಲ, ಇನ್ನೂ ಬೂದುಬಣ್ಣದಲ್ಲಿ ಹೊಳೆಯುತ್ತಿದ್ದರೆ ಕಾಲಿಡಬೇಡಿ. ಜೊತೆಗೊಬ್ಬರು, ಕೈಯಲ್ಲೊಂದು ಬಿದಿರು ಇಲ್ಲದೆ ಏಪ್ರಿಲ್, ಮೇಯಲ್ಲಿ ನೀರಂಚಿಗೆ ಇಳಿಯುವುದು ಬೇಡ.

ಮೂರನೆಯದು ಕಟ್ಟುಬಲೆ. ಹರಿಗೋಲಿನಲ್ಲಿ ಸಂಜೆ ಬಲೆ ಕಟ್ಟಿ ಬೆಳಿಗ್ಗೆ ಎತ್ತುವ ಮೀನುಗಾರರಿಗೆ ಈ ನೀರು ಅನ್ನ. ಥರ್ಮೋಕೋಲ್ ತುಂಡುಗಳ ಸಾಲು ಕಂಡರೆ ಐವತ್ತು ಮೀಟರ್ ಆಚೆ ಕೂರಿ. ಗಾಳ ಬಲೆಗೆ ಸಿಕ್ಕರೆ ಎಳೆದು ಹರಿಯದೆ ನಿಮ್ಮ ದಾರವನ್ನೇ ಕತ್ತರಿಸಿ. ಅವರೊಂದಿಗೆ ಮಾತಾಡಿದರೆ ಮುಳುಗಿದ ಹಳ್ಳಗಳ ಪಾತ್ರ ಎಲ್ಲೆಲ್ಲಿ ಹಾದಿದೆ ಎಂಬುದು ಯಾವ ಫಿಶ್ ಫೈಂಡರ್ ಯಂತ್ರಕ್ಕಿಂತ ನಿಖರವಾಗಿ ಗೊತ್ತಾಗುತ್ತದೆ. ಜಲಾಶಯದ ಮೀನು ಉಳಿಯುವುದು ಬಿತ್ತನೆಯ ಮರಿಯ ಗಾತ್ರದ ಮೇಲೆ ಎಂದು ಅವರೇ ಮೊದಲು ಹೇಳುತ್ತಾರೆ. ಒಂದು ಇಂಚಿನ ಮರಿ ಬಿಟ್ಟರೆ ಬಾಳೆ ಮೀನಿಗೂ ನೀರುಕಾಗೆಗೂ ಊಟ, ನಾಲ್ಕು ಇಂಚು ದಾಟಿದ ಮರಿ ಬಿಟ್ಟರೆ ಬದುಕುವ ಭರವಸೆ ಹೆಚ್ಚು.

ನೀರಾವರಿಗೆ ಒಂದು ಅಂಕ ಕಡಿಮೆ ಕೊಟ್ಟದ್ದೇಕೆಂದರೆ, ಮೇಲ್ಭಾಗದಲ್ಲಿ ನೀರು ಉಕ್ಕುವಾಗ ಮಲೇಬೆನ್ನೂರು, ಹರಿಹರದ ಕಡೆಯ ಕೊನೆ ಭಾಗದ ರೈತರು ತೂಬು ನೋಡುತ್ತ ಕೂರುವ ಸ್ಥಿತಿ ಇಂದಿಗೂ ಇದೆ. ಕಾಲುವೆಗೆ ನೇರ ಮೋಟಾರ್ ಇಳಿಸುವುದು, ಭತ್ತಕ್ಕೆ ಲೆಕ್ಕ ಹಾಕಿದ ನೀರಲ್ಲಿ ಅಡಿಕೆ ತೋಟ ಬೆಳೆಸುವುದು ಎರಡೂ ಕಾರಣ. ಅಡಿಕೆಗೆ ವರ್ಷಪೂರ್ತಿ ನೀರು ಬೇಕು, ಕಾಲುವೆಯದು ಸರದಿಯ ನೀರು. ಈ ಜಗ್ಗಾಟದಲ್ಲಿ ಮಟ್ಟ ಬೇಸಿಗೆಯಲ್ಲಿ ಮತ್ತಷ್ಟು ಕೆಳಗಿಳಿಯುತ್ತದೆ, ಮೀನಿಗೆ ಉಳಿಯುವುದು ಉಳಿಕೆ.

ಕಾಲುವೆಯಲ್ಲಿ ಗಾಳ ಹಾಕಬಹುದೇ ಎಂದು ಕೇಳುವವರಿಗೆ: ನೀರು ಹರಿಯುವಾಗ ಬೇಡ. ಸಿಮೆಂಟ್ ಇಳಿಜಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲ. ಈಜು ಬಲ್ಲವರೂ ಉಳಿಯದ ನೀರು ಅದು. ನೀರು ನಿಲ್ಲಿಸಿದಾಗ ಡ್ರಾಪ್‌ಗಳ (ಕಾಲುವೆ ಮೆಟ್ಟಿಲಿನಂತೆ ಕೆಳಗಿಳಿಯುವ ಕಡೆಗಳ) ಕೆಳಗಿನ ಗುಂಡಿಗಳಲ್ಲಿ ಮೀನು ಉಳಿಯುತ್ತದೆ. ಆ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ, ಗದ್ದೆಯ ಕೀಟನಾಶಕ ಸುರಿದು ಮೀನು ತೇಲಿಸುವವರಿದ್ದಾರೆ. 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ವಿಷ ಮತ್ತು ಸಿಡಿಮದ್ದು ಎರಡೂ ಅಪರಾಧ. ಅದೇ ಗುಂಡಿಯ ನೀರು ಮುಂದಿನ ಸರದಿಯಲ್ಲಿ ದನ ಕುಡಿಯುವ ಕಾಲುವೆಗೆ ಸೇರುತ್ತದೆ. ಕಂಡರೆ ಪೊಲೀಸರಿಗೆ ಫೋನ್ ಮಾಡಿ, ಹಿಂಜರಿಯಬೇಡಿ.

ಮಹಶೀರ್ ಮೀನಿನ ಆಸೆ ಇಟ್ಟುಕೊಂಡವರು ಅದನ್ನು ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ನಿಂತು ನೋಡಿ ಬರಬೇಕು. ಮಂಡಕ್ಕಿಗೆ ಮುತ್ತುವ ಆ ಮೀನುಗಳಿಗೆ ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಭದ್ರಾದಲ್ಲಿ ಅಕಸ್ಮಾತ್ ಗಾಳಕ್ಕೆ ಬಿದ್ದರೆ, ಒದ್ದೆ ಕೈಯಲ್ಲಿ ನೀರಿನೊಳಗೇ ಹಿಡಿದು, ಮುಳ್ಳು ಚಪ್ಪಟೆ ಮಾಡಿದ ಗಾಳವನ್ನು ಇಕ್ಕಳದಿಂದ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಿಸಿ. ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ಕೈ ಬಿಡಬೇಡಿ.

ಬೇಸಿಗೆಯಲ್ಲಿ ದೋಣಿ ಸಿಕ್ಕರೂ ನಡುವಿನ ದಿಬ್ಬಗಳ ಹತ್ತಿರ ಹೋಗಬೇಡಿ. ನೀರು ಇಳಿದು ತಲೆ ಎತ್ತಿದ ಆ ಕಲ್ಲುದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದಲ್ಲಿ ಮೊಟ್ಟೆ ಇಡುತ್ತವೆ. ದೋಣಿಯ ಸದ್ದಿಗೆ ತಾಯಿ ಎದ್ದು ಹೋದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಬೇಡ.

ಹಿಡಿದ ಮೀನನ್ನು ಮನೆಗೆ ಒಯ್ಯುವವರಿಗೆ ಕೊನೆಯದಾಗಿ: ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಟ್ಟ ಗೆಂಡೆ ಎರಡು ಗಂಟೆಯಲ್ಲಿ ಕೆಸರು ವಾಸನೆಯ ಮುದ್ದೆಯಾಗುತ್ತದೆ. ಅಲ್ಲೇ ಕಿವಿರು ಮತ್ತು ಕರುಳು ತೆಗೆದು, ರಕ್ತ ತೊಳೆದು, ಮೀನಿನಷ್ಟೇ ತೂಕದ ಪುಡಿ ಐಸ್‌ನಲ್ಲಿ ಒಂದು ಪದರ ಐಸು, ಒಂದು ಪದರ ಮೀನು ಎಂದು ಪೇರಿಸಿ. ಐಸನ್ನು ಶಿವಮೊಗ್ಗ ಅಥವಾ ಭದ್ರಾವತಿಯಲ್ಲೇ ತುಂಬಿಸಿಕೊಂಡು ಹೊರಡಿ. ಡಬ್ಬದ ತಳದಲ್ಲಿ ಕರಗಿದ ನೀರು ಇಳಿಯಲು ಒಂದು ತೂತು ಇರಲಿ. ಕರುಳನ್ನು ದಡದಲ್ಲಿ ಬಿಸಾಡದೆ ದೂರ ಒಯ್ದು ಹೂಳಿ, ಆ ವಾಸನೆಗೆ ಮೊಸಳೆ ಬರುವ ದಡವಿದು.